ಕೆಂಚಣ್ಣನ ಹಣೆಯ ಬೊಟ್ಟು

ಉಣಕಲ್ ಕೆರೆಯ ದಂಡೆ, ಹುಬ್ಬಳ್ಳಿ
ಫೆಬ್ರವರಿ ೩೦, ೨೧೯೧

ಮಾನ್ಯ ಇಂದುಮತಿ ಬಡಿಗೇರ ಅವರಿಗೆ,

ಮೇಲಿನ ತಾರೀಖು ಕಂಡು ಯಾರೋ ತಮಾಷೆಗೆ ಬರೆದಿದ್ದಾರೆಂದು ತಿಳಿಯಬೇಡಿ. ನಿಮ್ಮ ಫೆಬ್ರವರಿಗೆ ಮೂವತ್ತನೆಯ ದಿನ ಇರಲಿಲ್ಲವೆಂದು ನಾನು ಬಲ್ಲೆ. ನಮ್ಮ ಅಜ್ಜಂದಿರ ಕಾಲದಲ್ಲಿ ತಿಂಗಳುಗಳನ್ನೆಲ್ಲ ಒಂದೇ ಅಳತೆಗೆ ತಂದರು, ಆಗ ಈ ದಿನ ಹುಟ್ಟಿಕೊಂಡಿತು. ನನ್ನ ಕನ್ನಡವೂ ನಿಮ್ಮ ಕಿವಿಗೆ ಅಷ್ಟು ಸರಿಹೊಂದಲಿಕ್ಕಿಲ್ಲ. ನಿಮ್ಮ ಕಾಲದ ಮಾತನ್ನು ನಾನು ಕಲಿತದ್ದು ಮಕ್ಕಳ ಕಾರ್ಟೂನುಗಳಿಂದ. ನಡುವೆ ಎಲ್ಲಾದರೂ ಕರಡಿಯಂತೆಯೋ ಕೊಕ್ಕರೆಯಂತೆಯೋ ಮಾತಾಡಿದ್ದರೆ ಮನ್ನಿಸಬೇಕು.

ನಮ್ಮಲ್ಲಿ ಒಬ್ಬರು ತೀರಿಕೊಂಡರೆ ಅವರ ಮನೆಯವರು ಋಣದೋಲೆ ಎಂಬ ಒಂದು ಪತ್ರ ಬರೆಯುವ ಪದ್ಧತಿ ಇದೆ. ಅದನ್ನು ಬರೆಯುವುದು ಸತ್ತವರಿಗಲ್ಲ. ಸತ್ತವರು ಯಾರ ಋಣದಲ್ಲಿದ್ದರೋ, ಆದರೆ ಯಾರ ಮುಖ ಕಂಡಿರಲಿಲ್ಲವೋ ಅಂಥವರಿಗೆ. ಕೆಲವರು ತಮ್ಮ ಓಣಿಯ ಬಾವಿ ತೋಡಿದವರಿಗೆ ಬರೆಯುತ್ತಾರೆ, ಕೆಲವರು ಬೇವಿನ ಗಿಡ ನೆಟ್ಟವರಿಗೆ. ಬರೆದದ್ದನ್ನು ಕೆರೆಯ ದಂಡೆಯಲ್ಲಿ ನಿಂತು ಗಟ್ಟಿಯಾಗಿ ಓದಿ, ಅಲ್ಲೇ ಮಣ್ಣಿನಲ್ಲಿ ಹೂಳುತ್ತೇವೆ. ತಲುಪುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಆದರೂ ಹೆಸರು, ಊರು ತಪ್ಪದಂತೆ ಬರೆಯುತ್ತೇವೆ. ಹೋದ ತಿಂಗಳು ನಮ್ಮ ಗುರುಪಾದ ಕಾಕಾ ತೀರಿಕೊಂಡರು. ಅವರ ಪರವಾಗಿ ಯಾರಿಗೆ ಬರೆಯಬೇಕೆಂದು ನಾನು ಹೆಚ್ಚು ಯೋಚಿಸಬೇಕಾಗಲಿಲ್ಲ.

ನಮ್ಮ ದಿನಗಳು ಹೇಗಿವೆಯೆಂದು ಮೊದಲು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಇಲ್ಲಿ ನಡುಹಗಲಿನಲ್ಲಿ ನೆಲದ ಮೇಲೆ ಯಾರೂ ಇರುವುದಿಲ್ಲ. ಬೆಳಗಿನ ತಂಪಿನಲ್ಲಿ ಕೆಲಸ, ಪೇಟೆ, ಅಡುಗೆ ಎಲ್ಲ ಮುಗಿಸಿ, ಬಿಸಿಲು ಏರುತ್ತಿದ್ದಂತೆ ಹಗೇವಿಗೆ ಇಳಿಯುತ್ತೇವೆ. ನಿಮ್ಮ ಹಿರಿಯರು ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಹಗೇವುಗಳ ಹೆಸರನ್ನೇ ಈ ಕೋಣೆಗಳಿಗೂ ಇಟ್ಟಿದ್ದೇವೆ. ಈಗ ಅದರೊಳಗೆ ಜೋಳದ ಬದಲು ಜನ. ಒಂದೊಂದು ಓಣಿಗೆ ಒಂದೊಂದು ಹಗೇವು. ಗೋಡೆಗೆ ಸುಣ್ಣ ಮತ್ತು ಸಗಣಿಯ ಸಾರಣೆ. ಮುದುಕರು ನಿದ್ದೆ ಮಾಡುತ್ತಾರೆ, ಹೆಂಗಸರು ಕೌದಿ ಹೊಲಿಯುತ್ತಾರೆ, ಗಂಡಸರು ಶೇಂಗಾ ಸುಲಿಯುತ್ತಾರೆ. ಮಕ್ಕಳನ್ನು ಅಷ್ಟು ಹೊತ್ತು ಸುಮ್ಮನಿರಿಸುವುದು ಯಾರಿಂದಲೂ ಆಗುವುದಿಲ್ಲವಾದ್ದರಿಂದ ಗೋಡೆಯ ಮೇಲೆ ಹಳೆಯ ಕಾರ್ಟೂನು ಹಾಕುತ್ತಾರೆ. ಹೊಸದನ್ನು ಮಾಡುವಷ್ಟು ವಿದ್ಯುತ್ತು ನಮ್ಮಲ್ಲಿಲ್ಲ. ಇರುವುದನ್ನೇ ತಲೆತಲಾಂತರದಿಂದ ನೋಡುತ್ತ ಬಂದಿದ್ದೇವೆ. ಅವನ್ನೆಲ್ಲ ಕೂಡಿಟ್ಟ ಜಾಗಕ್ಕೆ ಚಿತ್ರಕಣಜ ಎನ್ನುತ್ತೇವೆ. ನಾನು ಅಲ್ಲಿ ಮರುದನಿಯ ಕೆಲಸ ಮಾಡುತ್ತೇನೆ, ಅಂದರೆ ದನಿ ಸವೆದುಹೋದ ಚಿತ್ರಗಳಿಗೆ ಮತ್ತೆ ದನಿ ಕೂಡಿಸುವುದು.

ನೀವು ಚಿತ್ರವನ್ನೂ ಮಾತನ್ನೂ ಬರೆದ "ಎಂಟಾಣೆ ಸರ್ಕಸ್" ಈ ಊರಿನ ಹಗೇವುಗಳಲ್ಲಿ ನಾಲ್ಕು ತಲೆಮಾರು ಓಡಿದೆ. ಎಂಟಾಣೆ ಅಂದರೇನೆಂದು ನಮಗೆ ತಿಳಿಯದು. ಅದೊಂದು ಊರೆಂದು ನಮ್ಮ ಕಾಕಾ ಸಾಯುವವರೆಗೂ ನಂಬಿದ್ದರು. ಸೈಕಲ್ಲುಗಳ ಮೇಲೆ ಊರೂರು ಸುತ್ತುವ ಆ ಬಡ ಸರ್ಕಸ್ಸು, ಚೆಂಡಾಟ ಆಡುವ ಕರಡಿ ಕೆಂಚಣ್ಣ, ಒಂಟಿಗಾಲಿ ಸೈಕಲ್ಲಿನ ಕೊಕ್ಕರೆ ಕೊಟ್ರಣ್ಣ, ಅವರಿಬ್ಬರಿಗೆ ಸಂತೆಯಲ್ಲಿ ಸಿಕ್ಕ ನಾಯಿಮರಿ. ಇವರನ್ನು ಗೊತ್ತಿಲ್ಲದ ಮಗು ಇಲ್ಲಿಲ್ಲ. ಕೆಂಚಣ್ಣ ಮತ್ತು ಕೊಟ್ರಣ್ಣ ಒಂದೇ ಡೇರೆಯಲ್ಲಿ ಇರುತ್ತಾರೆ, ಒಂದೇ ಒಲೆಯಲ್ಲಿ ಅಡುಗೆ ಮಾಡುತ್ತಾರೆ, ಉಪ್ಪು ಯಾರು ಹಾಕಬೇಕೆಂದು ದಿನಾ ಜಗಳವಾಡುತ್ತಾರೆ. ಹಾಗೆ ನೋಡುತ್ತ ನೋಡುತ್ತ ಮಳೆಯ ಕಂತು ಬರುತ್ತದೆ. ಆ ಕಂತಿನಲ್ಲಿ ಇದ್ದಕ್ಕಿದ್ದಂತೆ ಕೆಂಚಣ್ಣ ಕೆಂಚವ್ವ ಆಗಿಬಿಡುತ್ತಾನೆ. ಅದೇ ಕರಡಿ, ಅದೇ ಅಂಗಿ, ಅದೇ ಹೊಟ್ಟೆ. ಆದರೆ ಬಾಯಿ ತೆರೆದರೆ ಹೆಣ್ಣಿನ ದನಿ, ಹಣೆಯ ಮೇಲೆ ಒಂದು ಕೆಂಪು ಬೊಟ್ಟು. ಯಾಕೆಂದು ಯಾರೂ ಹೇಳುವುದಿಲ್ಲ.

ಆ ಕಂತನ್ನು ಗುರುಪಾದ ಕಾಕಾ ಮೊದಲು ನೋಡಿದ್ದು ಚಿಕ್ಕಂದಿನಲ್ಲಿ, ನೇಕಾರ ಓಣಿಯ ಹಗೇವಿನಲ್ಲಿ. ಪಕ್ಕದಲ್ಲಿ ಕುಳಿತ ಹುಡುಗನ ಹೆಸರು ದಸ್ತಗೀರ. ಆ ಸಂಗತಿಯನ್ನು ದಸ್ತಗೀರ ಮಾಮಾ ರೊಟ್ಟಿ ಬಡಿಯುತ್ತ ನನಗೆ ಎಷ್ಟೋ ಸಲ ಹೇಳಿದ್ದಾರೆ.

"ಎಲ್ಲಾ ಹುಡುಗ್ರೂ ಸುಮ್ನ ನೋಡಾಕತ್ತಿದ್ರು. ನಿಮ್ಮ ಕಾಕಾ ಮಾತ್ರ ನನ್ನ ಕಿವ್ಯಾಗ ಅಂದ, ಲೇ, ಆ ಬೊಟ್ಟು ಸುಳ್ಳೈತಿ ನೋಡೋ. ಕರಡಿ ತಲಿ ಅಲ್ಲಾಡಿಸಿದ್ರ ಬೊಟ್ಟು ಅಲ್ಲೇ ಉಳೀತೈತಿ."

"ನೀವೇನಂದ್ರಿ ಮಾಮಾ?"

"ನಾ ಏನನ್ಲಿ? ಬೊಟ್ಟು ನೋಡೂದು ಬಿಟ್ಟು ಅವನ ನೋಡಿದೆ."

ಕರಡಿ ಹಣೆ ತಿರುಗಿಸಿದಾಗ ಬೊಟ್ಟು ಒಂದು ಕ್ಷಣ ಗಾಳಿಯಲ್ಲಿ ನಿಲ್ಲುತ್ತದೆ, ಆಮೇಲೆ ಓಡಿ ಬಂದು ಹಣೆಗೆ ಕೂಡುತ್ತದೆ. ಆ ಸಂದಿಯಲ್ಲಿ ಇಬ್ಬರು ಹುಡುಗರು ಕೆಂಚಣ್ಣನನ್ನು ಕಂಡರು. ಯಾರೋ ಇವನನ್ನು ಮುಚ್ಚಿಟ್ಟಿದ್ದಾರೆ, ಮುಚ್ಚಿಡಬೇಕಾದಂಥದ್ದು ಏನೋ ಇದೆ, ಅದು ನಮ್ಮಲ್ಲೂ ಇದೆ ಎಂಬುದು ಅವರಿಗೆ ತಿಳಿಯಿತು. ಅದನ್ನು ಬೇರೆ ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಲು ಬೇರೆ ಚಿತ್ರವೂ ಇರಲಿಲ್ಲ.

ದೊಡ್ಡವರಾದ ಮೇಲೆ ಇಬ್ಬರೂ ಸೇರಿ ಒಂದು ಖಾನಾವಳಿ ಇಟ್ಟರು. ದಸ್ತಗೀರ ಮಾಮಾ ರೊಟ್ಟಿ ಬಡಿಯುತ್ತಿದ್ದರು, ಕಾಕಾ ಬಡಿಸುತ್ತಿದ್ದರು. ಬಿಸಿಗಾಳಿಯ ವರ್ಷ ನನ್ನ ಅಪ್ಪ, ಅವ್ವ ಒಂದೇ ವಾರದಲ್ಲಿ ತೀರಿಕೊಂಡಾಗ ಕಾಕಾ ಬಂದು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಅಲ್ಲಿಗೆ ತಂದರು. ನನಗೆ ಜಡೆ ಹಾಕುತ್ತಿದ್ದುದು ದಸ್ತಗೀರ ಮಾಮಾ. ಕಾಕಾನ ಕೈಗೆ ಜಡೆ ಬರುತ್ತಿರಲಿಲ್ಲ. ಜ್ವರ ಬಂದಾಗ ಇಬ್ಬರೂ ಹಾಸಿಗೆಯ ಎರಡು ಕಡೆ ಕುಳಿತು, ಕಷಾಯಕ್ಕೆ ಬೆಲ್ಲ ಹಾಕಬೇಕೋ ಬೇಡವೋ ಎಂದು ವಾದ ಮಾಡುತ್ತಿದ್ದರು.

ನಮ್ಮಲ್ಲಿ ನೀರು ಮನೆ ಲೆಕ್ಕದಲ್ಲಿ ಹಂಚುತ್ತಾರೆ. ಆಗ ಮನೆ ಅಂದರೆ ಗಂಡ, ಹೆಂಡತಿ, ಅವರ ಮಕ್ಕಳು, ರಕ್ತಸಂಬಂಧಿಗಳು. ಮನೆಯವರು ಕೊರಳಲ್ಲಿ ಹಿತ್ತಾಳೆಯ ನೀರುಬಿಲ್ಲೆ ಹಾಕಿಕೊಳ್ಳಬೇಕು. ಮನೆಯಲ್ಲಿ ದುಡಿಯುವ ಆಳಿಗೆ ತವರದ ಬಿಲ್ಲೆ. ಗುರುಪಾದ ಮತ್ತು ದಸ್ತಗೀರ ಅಣ್ಣತಮ್ಮಂದಿರೆಂದು ಹೇಳಿಕೊಳ್ಳಲು ಹೆಸರುಗಳೇ ಬಿಡುತ್ತಿರಲಿಲ್ಲ. ಒಂದೇ ಸೂರಿನಡಿ ಇರಲು ಉಳಿದದ್ದು ಒಂದೇ ದಾರಿ. ದಸ್ತಗೀರ ಮಾಮಾ ಆಳಿನ ಬಿಲ್ಲೆ ಕಟ್ಟಿಕೊಂಡರು. ಹೊರಗಿನವರ ಎದುರಿನಲ್ಲಿ ಕಾಕಾನನ್ನು ಸಾವಕಾರ್ರೇ ಎಂದು ಕರೆದರು. ಮದುವೆ ಮುಂಜಿವೆಗಳಿಗೆ ಕಾಕಾ ಹೋದಾಗ ಅವರು ಹೊರಗೆ ಚಪ್ಪಲಿಗಳ ಹತ್ತಿರ ನಿಂತರು. ನಾನು ಬೆಳೆದು ದೊಡ್ಡವಳಾಗುವವರೆಗೂ ಹೀಗೇ ನಡೆಯಿತು.

ಕಡೆಗೆ ಕಾನೂನು ಬದಲಾಯಿತು. ಯಾರು ಯಾರೊಂದಿಗೆ ಬಾಳಲು ಒಪ್ಪಿದ್ದಾರೋ ಅದೇ ಮನೆ ಎಂದು ನೀರುಮಂಡಳಿ ಡಂಗುರ ಸಾರಿಸಿತು. ನಮ್ಮ ಓಣಿಯಲ್ಲೇ ಎರಡು ಜೋಡಿ ಹೆಂಗಸರು ಹೋಗಿ ಹಿತ್ತಾಳೆಯ ಬಿಲ್ಲೆ ಹಾಕಿಸಿಕೊಂಡು ಬಂದರು. ಕಾಕಾ ಹೊಸ ಧೋತ್ರ ಉಟ್ಟು ಬಾಗಿಲಲ್ಲಿ ನಿಂತಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

"ಏಳೋ, ಹೋಗಿ ಬರೂಣು. ಬಿಸಿಲು ಏರತೈತಿ."

ದಸ್ತಗೀರ ಮಾಮಾ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. "ನೀ ಹೋಗು. ನಾ ಒಲ್ಲೆ."

"ಯಾಕ?"

"ಇಷ್ಟು ವರ್ಷ ಅವರು ನನ್ನ ಆಳ ಅಂದ್ರು. ನಾ ಆಳ ಆಗಿದ್ನೇನು? ಆಗಿದ್ದಿಲ್ಲ. ಇವತ್ತು ಅವರು ಅಲ್ಲ ಅಂದ್ರ ಅಷ್ಟಕ್ಕ ನಾ ಬ್ಯಾರೆ ಆಗ್ತೀನೇನು? ಅವರ ಬಿಲ್ಲೆ ಅವರ ಕಡೇನ ಇರ್ಲಿ."

ಕಾಕಾ ಒಳಗೆ ಬಂದು ಧೋತ್ರ ಬದಲಿಸಿದರು. ಮಾಮಾನ ಸಿಟ್ಟು ಒಂದು ವರ್ಷಕ್ಕಾದರೂ ಇಳಿದೀತು, ಆಗ ಹೋದರಾಯಿತು ಎಂದುಕೊಂಡಿದ್ದರಂತೆ. ಆ ವರ್ಷ ಪೂರ್ತಿಯಾಗಲಿಲ್ಲ. ಮಾಮಾ ಒಲೆಯ ಮುಂದೆಯೇ ಎದೆ ಹಿಡಿದುಕೊಂಡು ಕುಸಿದರು. ಗದಗಿನಿಂದ ಅವರ ತಂಗಿಯ ಮಕ್ಕಳು ಬಂದರು, ಒಳ್ಳೆಯವರೇ, ಮಣ್ಣಿನ ಕಾರ್ಯ ಸರಿಯಾಗಿ ಮಾಡಿದರು. ಹೆಗಲು ಕೊಟ್ಟದ್ದು ಅವರು. ಹಿಡಿಮಣ್ಣು ಮೊದಲು ಹಾಕಿದ್ದು ಅವರು. ಕಾಕಾ ಜನರ ಹಿಂದೆ ನಿಂತಿದ್ದರು. ಓಣಿಯ ಹಿರಿಯನೊಬ್ಬ ಅವರ ಭುಜದ ಮೇಲೆ ಕೈಯಿಟ್ಟು ಸಮಾಧಾನ ಹೇಳಿದ.

"ಒಳ್ಳೇ ಆಳು ಸಿಕ್ಕಿದ್ದ ಗುರಪ್ಪಾ ನಿನಗ. ಇಂಥಾವ್ರು ಈಗ ಸಿಗೂದಿಲ್ಲ ಬಿಡು."

"ಹೌದು," ಎಂದರು ಕಾಕಾ.

ಅದಾದ ಮೇಲೆ ಅವರು ಖಾನಾವಳಿ ಮುಚ್ಚಿದರು. ಮಾತೂ ಹೆಚ್ಚುಕಡಿಮೆ ನಿಂತಿತು. ನಾನು ಬಡಿದ ರೊಟ್ಟಿಯನ್ನು ಉಣ್ಣುತ್ತಿದ್ದರು, ಹಗೇವಿಗೆ ಇಳಿಯುತ್ತಿದ್ದರು, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಒಂದು ದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಬಾಗಿಲ ಹತ್ತಿರ ನನ್ನ ಕೈ ಹಿಡಿದರು.

"ನಾ ಹೌದು ಅಂದೆ, ನೀಲಾ. ಮಣ್ಣ ಕೊಡೂ ಮುಂದ, ನನ್ನ ಬಾಯಿಂದನ ಹೌದು ಅಂತ ಬಂತು."

ಕೈ ಬಿಡದೆ ಅವರೇ ಮುಂದುವರಿಸಿದರು. "ನೀ ಚಿತ್ರಕ್ಕ ದನಿ ಕೊಡ್ತೀಯಲ್ಲ. ಆ ಕರಡಿಗೆ ಅದರ ದನಿ ಕೊಡು. ದಸ್ತಗೀರಗಂತೂ ನಾ ಕೊಡಲಿಲ್ಲ."

ಹೀಗೆ ನಿಮ್ಮ ಮಳೆಯ ಕಂತು ನನ್ನ ಮೇಜಿಗೆ ಬಂತು. ಒಂದೊಂದು ಚಿತ್ರವನ್ನೂ ಬಿಡಿಸಿ ನೋಡುತ್ತ ಹೋದಾಗ ಕಂಡದ್ದನ್ನು ನಿಮಗೆ ಹೇಳಬೇಕು. ಮಳೆಯ ಕಂತು ನಿಮ್ಮ ಹೆಸರಿರುವ ಕೊನೆಯ ಕಂತು. ಆಮೇಲಿನ ಕಂತುಗಳನ್ನು ಬೇರೆ ಯಾರೋ ಬರೆದಿದ್ದಾರೆ. ಅವುಗಳಲ್ಲಿ ಬೊಟ್ಟು ಹಣೆಗೆ ಗಟ್ಟಿಯಾಗಿ ಅಂಟಿಕೊಂಡಿದೆ, ಎಲ್ಲಿಯೂ ಕದಲುವುದಿಲ್ಲ. ಜಾರುವುದು ನಿಮ್ಮ ಕಂತಿನಲ್ಲಿ ಮಾತ್ರ. ಮಳೆಹನಿ ಕೊಕ್ಕರೆಯ ಕೊಕ್ಕಿನಿಂದ ಇಳಿಯುವುದನ್ನು ಅಷ್ಟು ನಾಜೂಕಾಗಿ ಬರೆದ ಕೈಗೆ ಒಂದು ಬೊಟ್ಟನ್ನು ಹಣೆಯ ಜೊತೆ ನಡೆಸಲು ಬರಲಿಲ್ಲವೆಂದರೆ ನಾನು ನಂಬಲಾರೆ. ಯಾರು ನಿಮಗೆ ಅದನ್ನು ಹಚ್ಚಲು ಹೇಳಿದರು, ಏನೆಂದು ಹೆದರಿಸಿದರು, ನೀವೇ ಕೆಲಸ ಬಿಟ್ಟಿರೋ ಬಿಡಿಸಿದರೋ, ಇದೊಂದೂ ನಮಗೆ ಉಳಿದುಬಂದಿಲ್ಲ. ಆದರೆ ಬೊಟ್ಟನ್ನು ನೀವು ಬೇಕೆಂದೇ ಜಾರಿಸಿದಿರೆಂದು ನನ್ನ ಮನಸ್ಸು ಹೇಳುತ್ತದೆ. ತಲೆ ಅಲ್ಲಾಡಿದಾಗ ಯಾವುದಾದರೂ ಮಗು ಕಂಡೀತು ಎಂದುಕೊಂಡಿರಬೇಕು. ನಿಮ್ಮ ಕಾಲದ ಯಾವ ಮಗು ಕಂಡಿತೋ ಗೊತ್ತಿಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ನೇಕಾರ ಓಣಿಯಲ್ಲಿ ಇಬ್ಬರು ಕಂಡರು. ಅದೇ ನಮ್ಮ ಮನೆಯ ಋಣ.

ಬೊಟ್ಟನ್ನು ತೆಗೆಯುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ದನಿ. ಸರ್ಕಸ್ಸಿನ ಡೇರೆ ಗಾಳಿಗೆ ಹಾರಿಹೋದ ಮೇಲೆ ಎಲ್ಲರೂ ಗಂಟು ಕಟ್ಟಿಕೊಂಡು ಹೊರಡುತ್ತಾರಲ್ಲ, ಕೆಂಚಣ್ಣ, ಕೊಟ್ರಣ್ಣ, ನಾಯಿಮರಿ ಮೂವರೇ ಒಂದು ಹರಕು ತಾಡಪತ್ರಿಯ ಕೆಳಗೆ ಉಳಿಯುತ್ತಾರೆ. ಕೊಟ್ರಣ್ಣ ಕೇಳುತ್ತಾನೆ: "ಎಲ್ಲಾರೂ ಅವರವರ ಮನಿಗೆ ಹೋದ್ರು. ನಮ್ಮ ಮನಿ ಎಲ್ಲೈತಿ?" ಅದಕ್ಕೆ ಕರಡಿ ಹೆಣ್ಣುದನಿಯಲ್ಲಿ, "ಅಣ್ಣಾ, ನಾ ನಿನ್ನ ತಂಗಿ ಅಲ್ಲೇನು, ತವರಮನಿಗೆ ಹೋಗೂಣು ನಡಿ," ಎನ್ನುತ್ತದೆ. ಕರಡಿಯ ಬಾಯಿ ಅಷ್ಟು ಹೊತ್ತು ಆಡುವುದಿಲ್ಲ. ಒಂದೆರಡು ಮಾತಿಗೆ ಮುಚ್ಚಿಬಿಡುತ್ತದೆ, ದನಿ ಮಾತ್ರ ಮುಚ್ಚಿದ ಬಾಯಿಯಿಂದ ಹೊರಡುತ್ತಲೇ ಇರುತ್ತದೆ. ಆಮೇಲೆ ಕೊಟ್ರಣ್ಣ ರೆಕ್ಕೆ ಬಿಚ್ಚಿ ಕರಡಿಯ ಬೆನ್ನಿಗೆ ಹೊದಿಸುತ್ತಾನೆ. ಕೆಂಚಣ್ಣ ನಿಜವಾಗಿ ಏನು ಹೇಳಿದ್ದನೆಂಬುದು ಎಲ್ಲಿಯೂ ಇಲ್ಲ. ಕಣಜವನ್ನೆಲ್ಲ ಹುಡುಕಿದೆ. ಧಾರವಾಡದ ಕಣಜಕ್ಕೂ ಹೋಗಿ ಬಂದೆ.

ನಮ್ಮ ಕಣಜದ ಹಿರಿಯಳು ಚಂಪಕ್ಕ. ಕೆಲಸದಲ್ಲಿ ಕಟ್ಟುನಿಟ್ಟಿನವಳು. ಕಾಕಾನ ದನಿಯನ್ನು ಕರಡಿಗೆ ಕೂಡಿಸುತ್ತೇನೆಂದಾಗ ನನ್ನ ಎದುರು ಬಂದು ಕುಳಿತಳು.

"ಉಳಿದ ಮಾತು ಮಾಡು, ಬ್ಯಾಡ ಅನ್ನೂದಿಲ್ಲ. ಅವು ಎಲ್ಲಾ ಸಾದಾ ಮಾತು. ಆದ್ರ ಈ ಒಂದು ಮಾತು ನಿನಗ ಗೊತ್ತಿಲ್ಲ. ಗೊತ್ತಿಲ್ಲದ್ದು ಅದರ ಬಾಯಾಗ ಹೆಂಗ ಹಾಕ್ತೀ? ಕೆಂಚಣ್ಣನ್ನ ಕೆಂಚವ್ವ ಮಾಡಿದಾವರೂ ಇದನ್ನ ಮಾಡಿದ್ರು."

"ಅವರು ಸುಳ್ಳು ಹಾಕಿದ್ರು, ಚಂಪಕ್ಕಾ."

"ನೀ ಹಾಕೂದು ಖರೇ ಅಂತ ಯಾರು ಹೇಳ್ತಾರ?"

ನಾನು ಸಿಟ್ಟಿನಿಂದ ಎದ್ದುಹೋದೆ. ಆದರೂ ಕಾಕಾನನ್ನು ಕರೆತಂದು ದನಿಕೋಣೆಯಲ್ಲಿ ಕೂರಿಸಿದೆ. ಅಲ್ಲಿಯವರೆಗೆ ಮಾತೇ ಆಡದ ಮನುಷ್ಯ ಕೆಂಚಣ್ಣನಾಗಿ ಬೈದರು, ಹಾಡಿದರು, ಉಪ್ಪಿಗಾಗಿ ಜಗಳವಾಡಿದರು. ಜಗಳದ ಮಾತಿಗೆ ಅವರು ತಡವರಿಸಲೇ ಇಲ್ಲ. ತಾಡಪತ್ರಿಯ ಕೆಳಗಿನ ಮಾತು ಬಂತು. ಇಲ್ಲೇ ಐತಿ ಎಂದು ಹೇಳಿ ನೋಡಿದರು. ನೀ ಇದ್ದಲ್ಲೆ ಎಂದು ನೋಡಿದರು. ಬಾಯಿಗೆ ಹೊಂದಿತು, ನನಗೆ ಸರಿಯೆನಿಸಿತು. ಅವರು ತಲೆ ಅಲ್ಲಾಡಿಸಿದರು.

"ಬ್ಯಾಡ ನೀಲಾ. ನಾ ಹೇಳೂದು ಅವನಿಗೆ ಹೇಳಬೇಕಾಗಿದ್ದ ಮಾತು. ಕರಡಿ ಮಾತು ಅಲ್ಲ. ಅದು ಬರದಾವರಿಗೆ ಗೊತ್ತು. ಅಲ್ಲೆ ಖಾಲಿ ಬಿಡು."

ಖಾಲಿ ಬಿಟ್ಟೆ. ಚಂಪಕ್ಕ ನೋಡಿ ಒಪ್ಪಿಗೆಯ ಮುದ್ರೆ ಒತ್ತಿದಳು.

ಹೊಸ ಕಂತನ್ನು ನಮ್ಮ ಓಣಿಯ ಹಗೇವಿನಲ್ಲಿ ಹಾಕಿದ ದಿನ ಕಾಕಾ ಮಕ್ಕಳ ನಡುವೆ ಚಾಪೆಯ ಮೇಲೆ ಕುಳಿತರು. ಕೆಂಚಣ್ಣ ಗಂಡುದನಿಯಲ್ಲಿ ಮಾತಾಡಿದ್ದಕ್ಕೆ ಯಾವ ಮಗುವೂ ಹುಬ್ಬೇರಿಸಲಿಲ್ಲ. ದೊಡ್ಡವರಲ್ಲಿ ಒಂದಿಬ್ಬರು ಶೇಂಗಾ ಸುಲಿಯುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡಿದರು, ಅಷ್ಟೆ. ಗೋಡೆಯ ಮೇಲೆ ಮಳೆ ಬಂತು, ಡೇರೆ ಹಾರಿತು, ಎಲ್ಲರೂ ಹೋದರು. ನಮ್ಮ ಮನಿ ಎಲ್ಲೈತಿ ಎಂದು ಕೊಕ್ಕರೆ ಕೇಳಿತು. ಕರಡಿ ಬಾಯಿ ತೆರೆಯಿತು, ದನಿ ಬರಲಿಲ್ಲ. ಮಕ್ಕಳು ಸ್ವಲ್ಪ ಹೊತ್ತು ಕಾದರು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತು ಕೂಗಿದಳು.

"ನಮ್ಮ ಮನಿಗೆ ಬರ್ರಿ!"

"ನಿಮ್ಮ ಮನ್ಯಾಗ ಜಾಗಾ ಇಲ್ಲ, ನಮ್ಮ ಮನಿಗೆ!" ಎಂದಿತು ಇನ್ನೊಂದು ಮಗು. ಹಗೇವಿನಲ್ಲಿ ದೊಡ್ಡ ಗದ್ದಲವೇ ಎದ್ದಿತು. ಕರಡಿಯನ್ನು ಯಾರ ಮನೆಗೆ ಕರೆದೊಯ್ಯಬೇಕೆಂದು ಮಕ್ಕಳು ಕಿತ್ತಾಡಿದರು, ನಾಯಿಮರಿ ನಮಗಿರಲಿ ಎಂದು ಒಬ್ಬ ಅತ್ತ. ಕಾಕಾ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆಂದು ಹತ್ತಿರ ಹೋದೆ. ಅಳುತ್ತಲೂ ಇದ್ದರು, ನಗುತ್ತಲೂ ಇದ್ದರು.

"ಕೇಳಿದ್ಯಾ? ಕರದ್ರು ನೋಡು. ನಮ್ಮನ್ನ ಯಾರೂ ಕರದಿದ್ದಿಲ್ಲ," ಎಂದರು.

ಅವರು ಮತ್ತೆ ಮೊದಲಿನ ಹಾಗಾಗಲಿಲ್ಲ. ಹಾಗೆ ಬರೆದರೆ ನಿಮಗೆ ಸುಳ್ಳು ಹೇಳಿದಂತಾಗುತ್ತದೆ. ಆ ದಿನ ಸಂಜೆ ಎರಡು ರೊಟ್ಟಿ ಹೆಚ್ಚು ಉಂಡರು. ಆಮೇಲೆ ಮತ್ತೆ ಗೋಡೆಗೆ ಮುಖ ಮಾಡಿ ಮಲಗುವುದು ಶುರುವಾಯಿತು. ಚಳಿಗಾಲ ಕಳೆಯುವುದರೊಳಗೆ ತೀರಿಕೊಂಡರು. ಇಬ್ಬರನ್ನೂ ಒಂದೇ ಕಡೆ ಮಣ್ಣು ಮಾಡಲು ಆಗಲಿಲ್ಲ. ಇಬ್ಬರ ಹೆಸರಿನಲ್ಲಿ ಹಿತ್ತಾಳೆಯ ಬಿಲ್ಲೆ ಕೊಡಿರೆಂದು ನಾನು ಮಂಡಳಿಗೆ ಹೋದೆ. ಅಲ್ಲಿದ್ದಾತ ಸಭ್ಯ ಮನುಷ್ಯ, ನನಗೆ ಕುರ್ಚಿ ಕೊಟ್ಟ, ಕುಡಿಯಲು ನೀರು ಕೊಟ್ಟ. "ಸತ್ತವರಿಗೆ ನೀರು ಬೇಕಾಗೂದಿಲ್ರೀ ಅಕ್ಕಾರ. ಬಿಲ್ಲೆ ಹೆಂಗ ಕೊಡೂಣು?" ಎಂದ. ಆತನ ಮಾತು ತಪ್ಪೆಂದು ನಾನು ಹೇಳಲಾರೆ. ಕಾನೂನು ಬಂದದ್ದು ಬದುಕಿದ್ದವರಿಗಾಗಿ. ಅದು ಬರುವುದರೊಳಗೆ ಬದುಕಿ ಮುಗಿಸಿದವರಿಗೆ ಯಾರ ಬಳಿಯೂ ಏನೂ ಇಲ್ಲ.

ಈಗ ನನ್ನ ಬೇಡಿಕೆ. ಈ ಪತ್ರ ಹೇಗಾದರೂ ನೀವಿರುವಲ್ಲಿಗೆ ಮುಟ್ಟಿದರೆ, ಮತ್ತು ಮಳೆಯ ಕಂತು ಇನ್ನೂ ನಿಮ್ಮ ಮೇಜಿನ ಮೇಲೆಯೇ ಇದ್ದರೆ, ದಯವಿಟ್ಟು ಮೇಲಿನವರೊಂದಿಗೆ ಕಾದಾಡಿ ಎಂದು ನಾನು ಕೇಳುವುದಿಲ್ಲ. ನಿಮಗೂ ಮನೆಯಿರಬಹುದು, ಸಾಕಬೇಕಾದವರು ಇರಬಹುದು. ಅವರು ಬೊಟ್ಟು ಹಚ್ಚಲು ಹೇಳಿದರೆ ಹಚ್ಚಿ, ನೀವು ಹಚ್ಚಿದ ಹಾಗೆಯೇ ಹಚ್ಚಿ. ಆದರೆ ಕೆಂಚಣ್ಣನ ಬಾಯಿಗೆ ನೀವು ಬರೆದ ಮಾತನ್ನು ಅಂದು ಮನೆಗೆ ಹೋಗುವ ಮುಂಚೆ ಯಾರಾದರೊಬ್ಬರಿಗೆ ಹೇಳಿ. ನೆರೆಮನೆಯ ಮಗುವಾದರೂ ಸರಿ, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರಾದರೂ ಸರಿ. ಅವರು ಇನ್ನೊಬ್ಬರಿಗೆ ಹೇಳಲಿ.

ಆ ಮಾತನ್ನು ನೀವು ಬಲ್ಲಿರೆಂದು ನಂಬಿದ್ದ ಒಬ್ಬ ಮನುಷ್ಯ ಇಲ್ಲಿದ್ದ. ಅವನಿಗೆ ಅದನ್ನು ಕೇಳುವ ಭಾಗ್ಯ ಬರಲಿಲ್ಲ. ನಿಮ್ಮ ಕೈಗಳಿಗೆ ನಮ್ಮ ಮನೆಯ ನಮಸ್ಕಾರ. ಕೆರೆಯ ದಂಡೆಯಲ್ಲಿ ಓದಲು ಜನ ಕೂಡಿದ್ದಾರೆ, ಬಿಸಿಲು ಏರುವ ಮುಂಚೆ ಮುಗಿಸಬೇಕು. ಅವರ ಮುಂದೆ ಕೊನೆಗೆ ನನ್ನ ಹೆಸರನ್ನು ಯಾರ ಮಗಳೆಂದು ಓದಬೇಕೋ ಇಷ್ಟು ದಿನ ಗೊತ್ತಾಗಿರಲಿಲ್ಲ. ಕಾಕಾ ಎಂದೆ, ಮಾಮಾ ಎಂದೆ, ಬೇರೆ ಏನೆಂದೂ ಕರೆಯಲು ಅವರಿಬ್ಬರೂ ನನಗೆ ಕಲಿಸಲಿಲ್ಲ. ಅವರಿಗೆ ಹೆದರಿಕೆ ಇತ್ತು. ಇವತ್ತು ಗಟ್ಟಿಯಾಗಿ ಓದುತ್ತೇನೆ.

ಇಂತು,
ಗುರುಪಾದ ಮತ್ತು ದಸ್ತಗೀರ ಇವರ ಮಗಳು
ನೀಲಗಂಗಾ